ಡಿಪೋದ ನಾಯಿ ಮತ್ತು ಅದರ ಬಾಬ್ತು

ಕಳೆದ ಸರ್ವಸದಸ್ಯರ ಸಭೆಯಲ್ಲಿ ಜಮಾಖರ್ಚಿನ ಪಟ್ಟಿಯನ್ನು ಓದಿ ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಸದಸ್ಯರೊಬ್ಬರು ಎದ್ದುನಿಂತು, “ಇತರೆ ಖರ್ಚು ಅಂತ ತೋರಿಸಿದೀರಲ್ಲ ಸ್ವಾಮಿ, ಅದರೊಳಗೆ ನಾಯಿಯ ಬಾಬ್ತು ಅಂತ ಒಂದು ಸಾಲು ಇದೆ. ನಾವು ಅಡಿಕೆ ತಂದು ಹಾಕೋದು ಸಂಘಕ್ಕೋ, ನಾಯಿಗೋ?” ಎಂದು ಕೇಳಿದರು. ಸಭೆ ನಕ್ಕಿತು. ಅಧ್ಯಕ್ಷರೂ ನಕ್ಕರು. ಆದರೆ ಪ್ರಶ್ನೆ ನಕ್ಕು ಬಿಡುವಂಥದಲ್ಲ. ಸದಸ್ಯರು ಬೆವರು ಸುರಿಸಿ ಬೆಳೆದ ಬೆಳೆಯಿಂದ ಬಂದ ಹಣದಲ್ಲಿ ಒಂದೊಂದು ರೂಪಾಯಿಗೂ ಲೆಕ್ಕ ಒಪ್ಪಿಸಬೇಕಾದುದು ಸಂಘದ ಕರ್ತವ್ಯ. ಊಟದ ಹೊತ್ತು ಮೀರಿದ್ದರಿಂದ ಅಂದು ಉತ್ತರ ಅರ್ಧಕ್ಕೇ ನಿಂತಿತು. ಪತ್ರಿಕೆಯಲ್ಲಿ ವಿವರವಾಗಿ ಬರೆಯುತ್ತೇವೆಂದು ಒಪ್ಪಿಕೊಂಡಿದ್ದೆವು. ಆ ಮಾತನ್ನು ಈಗ ನಡೆಸಿಕೊಡುತ್ತಿದ್ದೇವೆ.

ಡಿಪೋಗೆ ಬರುವ ಸದಸ್ಯರಿಗೆಲ್ಲ ಕೆಂಚನ ಪರಿಚಯವಿದೆ. ಜಾತಿಯ ನಾಯಿಯಲ್ಲ. ಕೆಂಪು ಮೈ, ಬಿಳಿ ಎದೆ, ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಎಂಟು ವರ್ಷದ ಹಿಂದೆ ಆಷಾಢದ ಮಳೆಯಲ್ಲಿ ನೆನೆದು ಮುದ್ದೆಯಾದ ಮರಿಯೊಂದು ಗೋದಾಮಿನ ಬಾಗಿಲ ಸಂದಿಯಿಂದ ಒಳಗೆ ನುಗ್ಗಿ ತೂಕದ ಯಂತ್ರದ ಕೆಳಗೆ ಮಲಗಿತು. ಅದನ್ನು ಯಾರೂ ತರಲಿಲ್ಲ, ಯಾರೂ ಅಟ್ಟಲೂ ಇಲ್ಲ. ಮಧ್ಯಾಹ್ನ ಒಬ್ಬರ ಬುತ್ತಿಯ ಅನ್ನ, ಸಂಜೆ ಇನ್ನೊಬ್ಬರ ಬಿಸ್ಕತ್ತು, ಹೀಗೆ ಬೆಳೆಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಅದು ಡಿಪೋದ ನಾಯಿಯಾಗಿತ್ತು.

ರಾತ್ರಿ ಬೊಗಳುತ್ತದೆ, ಕಳ್ಳರ ಭಯ ಕಡಿಮೆ, ಆದ್ದರಿಂದ ಖರ್ಚು ಸಮರ್ಥನೀಯ ಎಂದು ಹೇಳಿ ಮುಗಿಸಿಬಿಡಬಹುದಾಗಿತ್ತು. ಅಡಿಕೆಯ ಧಾರಣೆ ಏರಿದ ವರ್ಷಗಳಲ್ಲಿ ಕಣದಿಂದಲೇ ಮೂಟೆ ಮಾಯವಾಗುವುದನ್ನು ಕಂಡವರಿಗೆ ಅಷ್ಟೇ ಸಾಕು. ಆದರೆ ಅದು ಪೂರ್ತಿ ಸತ್ಯವಲ್ಲ. ಕೆಂಚನು ಕಾವಲಿಗಿಂತ ಬೇರೆಯದೊಂದು ಕೆಲಸವನ್ನು ಮಾಡುತ್ತಾನೆ. ನಮಗೂ ಅದು ತಿಳಿಯಲು ನಾಲ್ಕೈದು ವರ್ಷ ಹಿಡಿಯಿತು.

ಡಿಪೋದ ಕೆಲಸ ಹೇಗೆ ನಡೆಯುತ್ತದೆಂದು ಸದಸ್ಯರು ಬಲ್ಲರು. ಕಿಟಕಿಯ ಒಳಗೆ ಗುಮಾಸ್ತರು, ಹೊರಗೆ ಹಮಾಲರು. ನಡುವೆ ಚೀಟಿ ಹಿಡಿದು ನಿಂತ ಬೆಳೆಗಾರರು. ಮೂವರ ಮನಸ್ಸಿನಲ್ಲೂ ಬೇರೆ ಬೇರೆ ಚಿಂತೆ. ರಾಶಿ ಎಂದುಕೊಂಡು ತಂದದ್ದನ್ನು ಗೊರಬಲಿಗೆ ಇಳಿಸಿಬಿಟ್ಟಾರೇನೋ ಎಂದು ಬೆಳೆಗಾರರಿಗೆ ಅಳುಕು. ಸಂಜೆಯೊಳಗೆ ಲಾರಿ ತುಂಬದಿದ್ದರೆ ನಾಳೆಯ ಕೂಲಿ ತಪ್ಪೀತೆಂದು ಹಮಾಲರಿಗೆ. ಲೆಕ್ಕ ತಾಳೆಯಾಗದಿದ್ದರೆ ತನ್ನ ತಲೆಗೆ ಬಂದೀತೆಂದು ಗುಮಾಸ್ತರಿಗೆ. ಹಿಂದೆ ಇವರೊಳಗೆ ಮಾತು ನಡೆಯುತ್ತಿದ್ದುದು ಎರಡೇ ಸಂದರ್ಭದಲ್ಲಿ: ಲೆಕ್ಕ ಹೇಳುವಾಗ, ಜಗಳವಾಡುವಾಗ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಹಮಾಲರು ಕಟ್ಟೆಯ ಆ ತುದಿಗೆ, ಗುಮಾಸ್ತರು ಈ ತುದಿಗೆ.

ಈಗ ಬೆಳಿಗ್ಗೆ ಎಂಟೂವರೆಗೆ ಕೆಂಚನು ಗೇಟಿನ ಹತ್ತಿರ ನಿಂತು ಒಬ್ಬೊಬ್ಬರನ್ನೂ ಎದುರುಗೊಳ್ಳುತ್ತಾನೆ. ರಾತ್ರಿ ಏನು ಮಾಡಿದ, ಯಾರ ಚಪ್ಪಲಿ ಕಚ್ಚಿದ, ಕಾಲು ಕುಂಟುತ್ತಿದ್ದಾನಲ್ಲ ಏಕೆ ಎಂದು ಮಾತು ಹುಟ್ಟುತ್ತದೆ. ಅಲ್ಲಿಂದ ನಿಮ್ಮ ಮಗನ ಜ್ವರ ಹೇಗಿದೆ ಎನ್ನುವ ಕಡೆಗೆ ಮಾತು ತಿರುಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಇಬ್ಬರು ಅಪರಿಚಿತರ ನಡುವೆ ಎಳೆಯ ಮಗು ಕುಳಿತಿದ್ದರೆ ಬಸ್ಸಿನಲ್ಲಿ ಏನಾಗುತ್ತದೆಯೋ ಇಲ್ಲಿಯೂ ಅದೇ. ನೇರವಾಗಿ ಮಾತನಾಡಲು ಸಂಕೋಚಪಡುವವರಿಗೆ ಮಾತನಾಡಲು ಒಂದು ನೆಪ ಸಿಗುತ್ತದೆ. ಮತ್ತೊಂದು ಸಂಗತಿ: ಎರಡು ಮೂಟೆ ತಂದವರಿಗೂ ಐವತ್ತು ಮೂಟೆ ತಂದವರಿಗೂ ಕೆಂಚನು ಒಂದೇ ರೀತಿ ಬಾಲ ಅಲ್ಲಾಡಿಸುತ್ತಾನೆ. ಸಾಲ ಬಾಕಿಯಿರುವವರ ಪಟ್ಟಿ ಅವನ ಬಳಿ ಇಲ್ಲ. ನಮ್ಮ ಕಛೇರಿಯಲ್ಲಿ ಹಾಗೆ ನಡೆದುಕೊಳ್ಳುವವನು ಅವನೊಬ್ಬನೇ ಎಂದು ಹೇಳಿದರೆ ಸಿಬ್ಬಂದಿ ವರ್ಗದವರು ಬೇಸರಿಸಬಾರದು.

ಇದೆಲ್ಲ ನಮ್ಮ ಕಲ್ಪನೆಯೇ ಎಂಬ ಅನುಮಾನ ನಮಗೂ ಇತ್ತು. ಹೊರದೇಶಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಹಳೆಯ ಮಾದರಿಯ ಪಿಂಗಾಣಿ ತಟ್ಟೆ ಬಟ್ಟಲುಗಳನ್ನು ಮಾರುವ ದೊಡ್ಡ ಸಂಸ್ಥೆಯೊಂದಿದೆ. ಅಲ್ಲಿಯ ನೌಕರರು ತಮ್ಮ ನಾಯಿಗಳನ್ನು ಕೆಲಸಕ್ಕೆ ಕರೆತರಲು ಅನುಮತಿಯುಂಟು. ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾನಿಲಯದ ರಾಂಡಾಲ್ಫ್ ಬಾರ್ಕರ್ ಮತ್ತು ಅವರ ಸಂಗಡಿಗರು ಅಲ್ಲಿ ನಡೆಸಿದ ಅಧ್ಯಯನ ೨೦೧೨ರಲ್ಲಿ ಪ್ರಕಟವಾಯಿತು. ನಾಯಿ ಕರೆತಂದವರು, ನಾಯಿಯಿದ್ದೂ ಮನೆಯಲ್ಲಿ ಬಿಟ್ಟು ಬಂದವರು, ಸಾಕುಪ್ರಾಣಿಯೇ ಇಲ್ಲದವರು ಎಂದು ಮೂರು ಗುಂಪು ಮಾಡಿ, ದಿನದಲ್ಲಿ ಹಲವು ಬಾರಿ ಅವರ ಮನಸ್ಸಿನ ಒತ್ತಡವನ್ನು ವಿಚಾರಿಸಿದರು. ನಾಯಿ ಜೊತೆಗಿದ್ದವರ ಒತ್ತಡ ಹೊತ್ತು ಏರಿದಂತೆ ಇಳಿಯಿತು. ನಾಯಿಯನ್ನು ಮನೆಯಲ್ಲಿ ಬಿಟ್ಟು ಬಂದವರದು ಏರುತ್ತ ಹೋಯಿತು. ಆದರೆ ಇನ್ನೊಂದನ್ನೂ ಹೇಳಬೇಕು. ಒತ್ತಡವಿದ್ದಾಗ ದೇಹದಲ್ಲಿ ಹೆಚ್ಚುವ ಕಾರ್ಟಿಸೋಲ್ ಎಂಬ ವಸ್ತುವನ್ನು ಜೊಲ್ಲಿನಲ್ಲಿ ಅಳೆದು ನೋಡಿದಾಗ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಪರೀಕ್ಷೆಗೆ ಒಳಪಟ್ಟವರು ನೂರು ಮಂದಿಗಿಂತಲೂ ಕಡಿಮೆ, ನಡೆದದ್ದು ಒಂದೇ ಸಂಸ್ಥೆಯಲ್ಲಿ. ಒಂದು ಗಿಡದ ಫಸಲು ನೋಡಿ ತೋಟದ ಅಂದಾಜು ಕಟ್ಟಬಾರದೆಂದು ನಮ್ಮ ಸದಸ್ಯರಿಗೆ ಹೇಳಿಕೊಡಬೇಕಾಗಿಲ್ಲ.

ಜಪಾನಿನ ಅಜಾಬು ವಿಶ್ವವಿದ್ಯಾನಿಲಯದವರು ೨೦೧೫ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನಮಗೆ ಹೆಚ್ಚು ಹಿಡಿಸಿತು. ನಾಯಿ ಮತ್ತು ಅದರ ಒಡೆಯ ಕಣ್ಣಿಗೆ ಕಣ್ಣಿಟ್ಟು ಹೆಚ್ಚು ಹೊತ್ತು ನೋಡಿಕೊಂಡಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಎಂಬ ರಸ ಹೆಚ್ಚುತ್ತದೆಂದು ಅವರು ಕಂಡರು. ಮನುಷ್ಯರ ಕೈಯಲ್ಲಿ ಬೆಳೆದ ತೋಳಗಳಲ್ಲಿ ಹಾಗಾಗಲಿಲ್ಲ. ಹಸು ಸಾಕಿದವರಿಗೆ ಈ ಹೆಸರು ಹೊಸದಲ್ಲ. ಕರು ಮೊಲೆಗೆ ಬಾಯಿ ಹಾಕಿದೊಡನೆ ತಾಯಿ ಹಾಲು ಇಳಿಸುವುದು ಇದೇ ರಸದ ಬಲದಿಂದ. ತಾಯಿಗೂ ಕೂಸಿಗೂ ಇರುವ ಕಟ್ಟಿನಲ್ಲಿ ಕೆಲಸ ಮಾಡುವ ವಸ್ತುವೇ ನಾಯಿಗೂ ನಮಗೂ ನಡುವೆ ಕೆಲಸ ಮಾಡುತ್ತದೆಂದರೆ, ಬುತ್ತಿಯ ಕೊನೆಯ ತುತ್ತನ್ನು ತಾನು ತಿನ್ನದೆ ಕೆಂಚನಿಗೆ ಹಾಕುವ ನಮ್ಮ ಹಮಾಲರು ಕೇವಲ ದಡ್ಡತನದಿಂದ ಹಾಗೆ ಮಾಡುತ್ತಿಲ್ಲ.

ಇದು ಡಿಪೋದ ಮಾತಾಯಿತು. ಸದಸ್ಯರ ತೋಟಗಳಲ್ಲಿಯೂ ಇದೇ ಕಾಣುತ್ತದೆ. ಈಗ ಕಾಫಿ ಕೊಯ್ಲಿಗೆ ಊರಿನ ಆಳುಗಳು ಸಾಲುತ್ತಿಲ್ಲ. ಅಸ್ಸಾಮ್, ಬಂಗಾಳ, ಜಾರ್ಖಂಡ್ ಕಡೆಯಿಂದ ಬಂದವರು ಸಣ್ಣ ಹಿಡುವಳಿಗಳಲ್ಲಿಯೂ ಇದ್ದಾರೆ. ಅವರ ಮಾತು ನಮಗೆ ಬಾರದು, ನಮ್ಮದು ಅವರಿಗೆ ಬಾರದು. ಚೀಲದ ತೂಕ ಬೆರಳಿನಲ್ಲಿ ತೋರಿಸಿ, ಕೂಲಿ ನೋಟಿನಲ್ಲಿ ತೋರಿಸಿ ದಿನ ಸಾಗುತ್ತದೆ. ಐದು ಎಕರೆಯ ಸದಸ್ಯರೊಬ್ಬರ ಮನೆಗೆ ನಾವು ಹೋಗಿದ್ದಾಗ ಅಸ್ಸಾಮಿನಿಂದ ಬಂದ ಕುಟುಂಬವೊಂದು ಲೈನುಮನೆಗೆ ಬಂದು ಎರಡು ವಾರವಾಗಿತ್ತು. ಆ ಮನೆಯ ಹುಡುಗಿ ಕಲಿತಿದ್ದ ಮೊದಲ ಎರಡು ಕನ್ನಡ ಮಾತುಗಳು “ಬಾ” ಮತ್ತು “ಹಚಾ”. ಎರಡೂ ತೋಟದ ನಾಯಿಯಿಂದ ಕಲಿತದ್ದು. ಯಜಮಾನರ ಹೆಂಡತಿ ನಗುತ್ತ, “ಮೊದಲು ನಾಯಿ ಹೋಗಿ ಬಂತು, ಆಮೇಲೆ ನಾನು ಹೋದೆ” ಎಂದರು. ನಾಯಿಯನ್ನು ಕರೆಯಲು ಹೋದ ಅವರು ಆ ಮನೆಯಲ್ಲಿ ಮಗುವಿಗೆ ವಾಂತಿಭೇದಿಯಾಗುತ್ತಿರುವುದನ್ನು ನೋಡಿ ಆಸ್ಪತ್ರೆಗೆ ಕಳಿಸಿದ್ದರು. ಇಲ್ಲದಿದ್ದರೆ ಯಾರು ಯಾರಿಗೆ ಹೇಳುತ್ತಿದ್ದರು?

ಹಾಗೆಂದು ಇದನ್ನು ಉಬ್ಬಿಸಿ ಹೇಳುವುದು ಸಲ್ಲದು. ಕೂಲಿಯನ್ನು ಸರಿಯಾಗಿ ಬಟವಾಡೆ ಮಾಡದ, ಲೈನುಮನೆಯ ಒಡೆದ ಹಂಚು ಬದಲಾಯಿಸದ, ಕುಡಿಯುವ ನೀರಿಗೆ ಹೊಳೆ ತೋರಿಸುವ ಜಾಗದಲ್ಲಿ ಹತ್ತು ನಾಯಿ ಸಾಕಿದರೂ ಆಳುಗಳು ಯುಗಾದಿಯ ಮೊದಲೇ ಹೊರಡುತ್ತಾರೆ. ಇರುವ ಸೌಹಾರ್ದವನ್ನು ನಾಯಿ ಹೆಚ್ಚಿಸಬಲ್ಲದು. ಇಲ್ಲದ್ದನ್ನು ಅದು ಹುಟ್ಟಿಸಲಾರದು.

ಕಲ್ಲಿನಲ್ಲಿ ಬರೆದ ಬಾಬ್ತು

ನಾಯಿಯ ಬಾಬ್ತನ್ನು ಲೆಕ್ಕಕ್ಕೆ ಬರೆಯುವುದು ವಿಚಿತ್ರವಾಗಿ ಕಂಡವರಿಗೆ ಒಂದು ಹಳೆಯ ಸಂಗತಿ ಹೇಳಬೇಕು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ಶಾಸನವೊಂದು ದೊರೆಯಿತು. ಕಾಲ ಸುಮಾರು ಕ್ರಿ.ಶ. ೯೪೯-೫೦. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧವಾದಾಗ ಕೃಷ್ಣನ ಪಕ್ಷದಲ್ಲಿದ್ದವನು ಗಂಗರ ಬೂತುಗ. ಬೂತುಗನ ಕೈಕೆಳಗಿನ ವೀರ ಮಣಲೆರ. ಅವನ ಶೌರ್ಯಕ್ಕೆ ಮೆಚ್ಚಿ ಬೇಕಾದುದನ್ನು ಕೇಳಿಕೋ ಎಂದಾಗ, ಮಣಲೆರನು ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಕಾಳಿಯೂ ಹಂದಿಯೂ ಒಂದನ್ನೊಂದು ಕೊಂದುಕೊಂಡು ಸತ್ತವು. ಅದರ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದರು. ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರ ಅದರ ಮೇಲಿದೆ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೆಂಗಳೂರಿಗೆ ಹೋದವರು ನೋಡಿ ಬರಬಹುದು.

ನಾವು ಗಮನಿಸಬೇಕಾದುದು ಯುದ್ಧವನ್ನಲ್ಲ. ಕಲ್ಲು ನಿಲ್ಲಿಸಿ ಕೈತೊಳೆದುಕೊಳ್ಳದೆ, ಅದರ ಪೂಜೆಗೆಂದು ಭೂಮಿ ಬಿಟ್ಟರು. ಆ ಭೂಮಿಯನ್ನು ಅನುಭವಿಸುವವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಬಾರದೆಂದು ಬರೆಸಿದರು. ಅಂದರೆ ಖರ್ಚಿಗೆ ಮೂಲ ಯಾವುದು, ಜವಾಬ್ದಾರಿ ಯಾರದು, ತಪ್ಪಿದರೆ ಏನು, ಎಲ್ಲವೂ ನಮೂದಾಗಿದೆ. ಸಾವಿರ ವರ್ಷದ ಹಿಂದಿನವರು ಸತ್ತ ನಾಯಿಗೆ ಮಾಡಿದ ಈ ವ್ಯವಸ್ಥೆಯನ್ನು ನಾವು ಬದುಕಿರುವ ನಾಯಿಗೂ ಮಾಡಿರಲಿಲ್ಲ. ಅದರ ಫಲವನ್ನು ಉಂಡೆವು.

ಮೂರು ವರ್ಷದ ಹಿಂದಿನ ಘಟನೆ

ಮೂರು ವರ್ಷದ ಹಿಂದೆ ಮಾಘ ಮಾಸದಲ್ಲಿ, ಡಿಪೋದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಮೂಟೆಗಳಿದ್ದಾಗ, ಹಮಾಲರೊಬ್ಬರು ತಲೆಯ ಮೇಲೆ ಮೂಟೆ ಹೊತ್ತು ಅಟ್ಟಿಯ ಹಿಂದಕ್ಕೆ ತಿರುಗಿದರು. ಅಲ್ಲಿ ಮಲಗಿದ್ದ ಕೆಂಚನ ಕಾಲಿನ ಮೇಲೆ ಅವರ ಕಾಲು ಬಿತ್ತು. ಮೀನಖಂಡದಲ್ಲಿ ನಾಲ್ಕು ಹಲ್ಲು ಆಳವಾಗಿ ಇಳಿದವು. ರಕ್ತ ಸುರಿಯಿತು. ನಾಯಿಯ ತಪ್ಪೆನ್ನುವಂತಿಲ್ಲ, ಆ ಮನುಷ್ಯನ ತಪ್ಪಂತೂ ಅಲ್ಲವೇ ಅಲ್ಲ. ಆಮೇಲೆ ಎದ್ದ ಪ್ರಶ್ನೆ ಒಂದೇ: ನಾಯಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದೆಯೇ?

ಗುಮಾಸ್ತರು ಕಾವಲುಗಾರನ ಮುಖ ನೋಡಿದರು. ಕಾವಲುಗಾರ ತೂಕದವರ ಮುಖ ನೋಡಿದ. ಕಾರ್ಯದರ್ಶಿಗಳು ಕಡತ ತೆಗೆಸಿದರು. ಕಡತದಲ್ಲಿ ನಾಯಿಯೇ ಇರಲಿಲ್ಲ. ಐದು ವರ್ಷ ಎಲ್ಲರೂ ಅನ್ನ ಹಾಕಿದ್ದೆವು, ಪ್ರತಿಯೊಬ್ಬರೂ ಬೇರೆ ಯಾರೋ ಹಾಕಿಸಿರುತ್ತಾರೆಂದು ನಂಬಿಕೊಂಡಿದ್ದೆವು. ಮರುದಿನ ಆ ಹಮಾಲರ ತಾಯಿ ಬಂದು ಕಿಟಕಿಯ ಮುಂದೆ ನಿಂತು ಬೈಯಲಿಲ್ಲ, ಅಳಲಿಲ್ಲ. “ಎಲ್ರೂ ಅನ್ನ ಹಾಕ್ತಿದ್ರಿ. ಒಬ್ರೂ ಸೂಜಿ ಹಾಕಿಸ್ಲಿಲ್ವಾ ಅಪ್ಪಾ?” ಎಂದು ಕೇಳಿದರು. ಅದಕ್ಕೆ ಉತ್ತರ ನಮ್ಮ ಬಳಿ ಅಂದೂ ಇರಲಿಲ್ಲ, ಇಂದೂ ಇಲ್ಲ.

ಸುದೈವದಿಂದ ಕಟ್ಟೆಯ ಬಳಿ ಇದ್ದ ಸದಸ್ಯರೊಬ್ಬರಿಗೆ ಏನು ಮಾಡಬೇಕೆಂದು ತಿಳಿದಿತ್ತು. ಅವರು ಗಾಯಕ್ಕೆ ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದನ್ನೂ ಹಚ್ಚಲು ಬಿಡಲಿಲ್ಲ. ನಲ್ಲಿಯ ಕೆಳಗೆ ಕಾಲು ಇಡಿಸಿ, ಬಟ್ಟೆ ಸಾಬೂನು ಹಚ್ಚಿ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ತೊಳೆಸಿದರು. ರೋಗದ ವೈರಾಣು ಗಾಯದಿಂದ ನರವನ್ನು ಹಿಡಿದು ಮಿದುಳಿನ ಕಡೆಗೆ ಸಾಗುತ್ತದೆ. ಹೊರಡುವ ಮೊದಲೇ ಅದನ್ನು ಸಾಬೂನಿನಿಂದ ತೊಳೆದುಹಾಕುವುದು ಅರ್ಧ ಚಿಕಿತ್ಸೆ. ಅಲ್ಲಿಂದ ನೇರವಾಗಿ ತಾಲ್ಲೂಕು ಆಸ್ಪತ್ರೆ. ಗಾಯ ಆಳವಾಗಿದ್ದುದರಿಂದ ಲಸಿಕೆಯ ಜೊತೆಗೆ ಗಾಯದ ಸುತ್ತಲೂ ಇಮ್ಯುನೋಗ್ಲಾಬ್ಯುಲಿನ್ ಎಂಬ ಮದ್ದನ್ನೂ ಚುಚ್ಚಿದರು. ಲಸಿಕೆ ಕೆಲಸ ಮಾಡಲು ಕೆಲವು ದಿನ ಬೇಕು. ಅಷ್ಟರವರೆಗೆ ಕಾಯುವುದು ಈ ಮದ್ದು.

ಹಳಬರು ಆಸ್ಪತ್ರೆಗೆ ಹೋಗಲು ಇನ್ನೂ ಹೆದರುವುದುಂಟು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಮಾತು ಹಾಗೆ ಉಳಿದುಕೊಂಡಿದೆ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ ೨೦೦೪ರ ಕೊನೆಗೆ ನಿಲ್ಲಿಸಿ ಆಗಿದೆ. ಈಗಿನದು ತೋಳಿಗೆ ಹಾಕುವ ಸಣ್ಣ ಸೂಜಿ, ನಾಲ್ಕೋ ಐದೋ ಬಾರಿ. ಆದರೆ ವೈದ್ಯರು ಬರೆದುಕೊಟ್ಟ ದಿನಾಂಕದಂದೇ ಹೋಗಬೇಕು. ನೋವು ಹೋಯಿತೆಂದು, ನಾಯಿ ಚೆನ್ನಾಗಿದೆಯೆಂದು, ಕೊಯ್ಲು ಬಿಟ್ಟು ಬರಲಾಗದೆಂದು ತಾವಾಗಿಯೇ ನಡುವೆ ನಿಲ್ಲಿಸಬಾರದು. ರೋಗ ಒಮ್ಮೆ ತಲೆಯೆತ್ತಿದ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ವಿರಳ.

ಕಚ್ಚಿದ ನಾಯಿಯನ್ನು ಹೊಡೆದು ಕೊಲ್ಲಬೇಕೆಂದು ಅಂದು ಇಬ್ಬರು ಮೂವರು ಕೋಲು ಹಿಡಿದಿದ್ದರು. ಅದು ತಪ್ಪು. ಕಟ್ಟಿಹಾಕಿ, ಅನ್ನ ನೀರು ಕೊಟ್ಟು, ಹತ್ತು ದಿನ ನೋಡಬೇಕು. ಕಚ್ಚಿದಾಗ ನಾಯಿಯ ಜೊಲ್ಲಿನಲ್ಲಿ ರೋಗವಿದ್ದಿದ್ದರೆ ಆ ಹತ್ತು ದಿನದೊಳಗೆ ಅದು ಕಾಯಿಲೆ ಬಿದ್ದು ಸಾಯುತ್ತದೆ. ಕೆಂಚನು ಸಾಯಲಿಲ್ಲ. ಆದರೆ ಆ ಹತ್ತು ದಿನ ಡಿಪೋದಲ್ಲಿ ಯಾರೂ ಸರಿಯಾಗಿ ಮಾತನಾಡಲಿಲ್ಲ. ಬೆಳಿಗ್ಗೆ ಬಂದವರು ಮೊದಲು ಗೋದಾಮಿನ ಹಿಂದೆ ಹೋಗಿ ಅವನು ನೀರು ಕುಡಿದನೇ ಎಂದು ನೋಡಿ ಬರುತ್ತಿದ್ದರು. ಆ ಹಮಾಲರು ಎಲ್ಲ ಸೂಜಿಗಳನ್ನೂ ಮುಗಿಸಿ ಕೆಲಸಕ್ಕೆ ಮರಳಿದರು. ತಪ್ಪಿಹೋದ ಕೂಲಿಯನ್ನು ಸಂಘ ಕೊಟ್ಟಿತು, ಕೊಡಬೇಕಾದುದೇ. ಅವರು ಇಂದಿಗೂ ಕೆಂಚನನ್ನು ಮುಟ್ಟುವುದಿಲ್ಲ. ಅವನು ಮಲಗಿರುವ ಬದಿಯನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತಾರೆ. ಅದು ಅವರ ಹಕ್ಕು.

ಅಂಚೆ ಕಛೇರಿಯ ಓನಿ

ಈ ಘಟನೆಯಾದ ಮೇಲೆ ನಾವು ಹಳೆಯ ಸಂಗತಿಗಳನ್ನು ಹುಡುಕುವಾಗ ಅಮೆರಿಕದ ಒಂದು ಅಂಚೆನಾಯಿಯ ವೃತ್ತಾಂತ ಸಿಕ್ಕಿತು. ನ್ಯೂಯಾರ್ಕ್ ಪ್ರಾಂತದ ಆಲ್ಬನಿ ಎಂಬ ಊರಿನ ಅಂಚೆ ಕಛೇರಿಯಲ್ಲಿ ೧೮೮೮ರ ಸುಮಾರಿಗೆ ಒಂದು ಬೆರಕೆ ನಾಯಿ ಬಂದು ಸೇರಿತು. ಹೆಸರು ಓನಿ. ಟಪಾಲು ಚೀಲಗಳ ಮೇಲೆ ಮಲಗುವುದೆಂದರೆ ಅದಕ್ಕೆ ಪ್ರಾಣ. ಚೀಲ ಎಲ್ಲಿಗೆ ಹೋದರೆ ಅಲ್ಲಿಗೆ ಅದೂ ಹೋಯಿತು. ಮೊದಲು ಗಾಡಿಯಲ್ಲಿ, ಆಮೇಲೆ ಟಪಾಲು ರೈಲಿನಲ್ಲಿ. ಆ ಕಾಲದ ರೈಲಿನಲ್ಲಿ ಅಂಚೆ ವಿಂಗಡಿಸುವ ಕೆಲಸ ಬಹಳ ಅಪಾಯದ್ದು. ಮರದ ಡಬ್ಬಿಗಳು, ಆಗಾಗ ಅಪಘಾತ, ಮನೆಯಿಂದ ದಿನಗಟ್ಟಲೆ ದೂರ. ಓನಿ ಹತ್ತಿದ ರೈಲಿಗೆ ಅಪಘಾತವಾಗುವುದಿಲ್ಲ ಎಂಬ ನಂಬಿಕೆ ನೌಕರರಲ್ಲಿ ಬೆಳೆಯಿತು. ಊರೂರಿನ ಅಂಚೆಯವರು ತಮ್ಮ ಊರಿನ ಬಿಲ್ಲೆಯನ್ನು ಅದರ ಕೊರಳಿಗೆ ಕಟ್ಟಿ ಕಳಿಸುತ್ತಿದ್ದರು. ಬಿಲ್ಲೆಗಳ ಭಾರಕ್ಕೆ ಕೊರಳು ಬಗ್ಗಿದಾಗ, ಅವನ್ನೆಲ್ಲ ಸಿಕ್ಕಿಸಲು ಒಂದು ಅಂಗಿಯನ್ನೇ ಹೊಲಿಸಿಕೊಟ್ಟವರು ದೇಶದ ಅಂಚೆ ಇಲಾಖೆಯ ಮುಖ್ಯಸ್ಥರು. ೧೮೯೫ರಲ್ಲಿ ಟಪಾಲು ಹಡಗನ್ನು ಹತ್ತಿ ಏಷ್ಯಾ, ಯುರೋಪುಗಳನ್ನು ಸುತ್ತಿಕೊಂಡು ಬಂದದ್ದೂ ಉಂಟು.

ಕೊನೆ ಮಾತ್ರ ಚೆನ್ನಾಗಿಲ್ಲ. ವಯಸ್ಸಾಯಿತು, ದೃಷ್ಟಿ ಮಂದವಾಯಿತು, ಸಿಡುಕು ಹೆಚ್ಚಿತು. ೧೮೯೭ರ ಜೂನ್ ತಿಂಗಳಲ್ಲಿ ಒಹಾಯೋ ಪ್ರಾಂತದ ಟೊಲಿಡೊ ಊರಿನಲ್ಲಿ ಅಂಚೆಯವನೊಬ್ಬನನ್ನು ಕಚ್ಚಿತು. ಅದನ್ನು ಗುಂಡಿಟ್ಟು ಕೊಂದರು. ಆಮೇಲೆ ನೌಕರರೆಲ್ಲ ಚಂದಾ ಎತ್ತಿ ಅದರ ಚರ್ಮದೊಳಗೆ ಹೊಟ್ಟು ತುಂಬಿಸಿ ನಿಲ್ಲಿಸಿದರು. ಈಗಲೂ ವಾಷಿಂಗ್‌ಟನ್ನಿನ ಅಂಚೆ ವಸ್ತುಸಂಗ್ರಹಾಲಯದಲ್ಲಿ ಬಿಲ್ಲೆಗಳ ಅಂಗಿ ತೊಟ್ಟು ನಿಂತಿದೆ. ೨೦೧೧ರಲ್ಲಿ ಅದರ ಚಿತ್ರದ ಅಂಚೆಚೀಟಿಯನ್ನೂ ಹೊರಡಿಸಿದರು.

ಸಾವಿರ ಊರಿನವರು ಬಿಲ್ಲೆ ಕಟ್ಟಿದರು, ಮುದಿತನಕ್ಕೆ ಒಂದು ಮೂಲೆ ಕೊಡಬೇಕಾದವರು ಇವರೇ ಎಂದು ಒಬ್ಬರ ಹೆಸರು ನಿಂತಿರಲಿಲ್ಲ. ಎಲ್ಲರ ನಾಯಿಯ ಪಾಡು ಇದು. ನಮ್ಮ ಡಿಪೋದಲ್ಲಿ ಆದುದೂ ಇದರ ಸಣ್ಣ ರೂಪವೇ.

ಈಗಿನ ಏರ್ಪಾಡು

ಆ ಮಾಘ ಮಾಸದ ನಂತರ ಆಡಳಿತ ಮಂಡಳಿಯವರು ನಿರ್ಣಯವೊಂದನ್ನು ಬರೆದರು. ತೂಕದ ಗುಮಾಸ್ತರು ಕೆಂಚನ ಜವಾಬ್ದಾರರು. ರಜೆಯಲ್ಲಿದ್ದಾಗ ಯಾರು ಎಂಬುದೂ ಅದರಲ್ಲಿದೆ. ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಚುಚ್ಚುಮದ್ದು, ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧಿ. ಪಶುವೈದ್ಯರ ಸಹಿಯಿರುವ ಪುಸ್ತಕ ತೂಕದ ಪುಸ್ತಕದ ಪಕ್ಕದಲ್ಲಿಯೇ ಇರುತ್ತದೆ, ಯಾವ ಸದಸ್ಯರೂ ಕೇಳಿ ನೋಡಬಹುದು. ವೃಷಣ ತೆಗೆಸಿದ್ದರಿಂದ ಊರ ನಾಯಿಗಳ ಜಗಳಕ್ಕೆ ಹೋಗಿ ಗಾಯಮಾಡಿಕೊಂಡು ಬರುವುದು ನಿಂತಿದೆ. ಮನೆಯಲ್ಲಿ ಮರಿ ತಂದು ಸಾಕುವವರು ಮೂರು ತಿಂಗಳು ತುಂಬಿದೊಡನೆ ಮೊದಲ ಸೂಜಿ ಹಾಕಿಸಿ, ಮುಂದಿನದನ್ನು ವೈದ್ಯರನ್ನು ಕೇಳಿ ಹಾಕಿಸಬೇಕು. ಸೆಪ್ಟೆಂಬರ್ ೨೮ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಪಶು ಆಸ್ಪತ್ರೆಗಳವರು ಹಲವೆಡೆ ಉಚಿತ ಶಿಬಿರ ನಡೆಸುತ್ತಾರೆ. ಲೈನುಮನೆಯ ನಾಯಿಗಳನ್ನೂ ಅಲ್ಲಿಗೆ ಒಯ್ಯಿರಿ. ಅವು ನಮ್ಮವಲ್ಲ ಎನ್ನಬೇಡಿ.

ಜಂತುಹುಳದ ಮಾತು ಬಂದಾಗ ಅಡಿಕೆ ಬೆಳೆಗಾರರಿಗೆ ಒಂದು ಸ್ವಾರಸ್ಯ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ತ್ವವನ್ನು ಹಿಂದಿನ ಕಾಲದಲ್ಲಿ ನಾಯಿಯ ಹೊಟ್ಟೆಯ ಲಾಡಿಹುಳ ಹೊರಹಾಕಲು ಪಶುವೈದ್ಯರು ಕೊಡುತ್ತಿದ್ದರು. ನ್ಯೂಜಿಲೆಂಡಿನಂಥ ಕುರಿಗಳ ದೇಶದಲ್ಲಿ ಅದರ ಬಳಕೆ ದೊಡ್ಡ ಪ್ರಮಾಣದಲ್ಲಿ ನಡೆದಿತ್ತು. ಈಗ ಅದಕ್ಕಿಂತ ಸೌಮ್ಯವಾದ ಮಾತ್ರೆಗಳು ಬಂದಿವೆ. ಇದನ್ನು ಓದಿ ಯಾರೂ ನಾಯಿಗೆ ಅಡಿಕೆ ತಿನ್ನಿಸಲು ಹೋಗಬಾರದು. ಪ್ರಮಾಣ ಸ್ವಲ್ಪ ತಪ್ಪಿದರೂ ಅದು ವಿಷ. ಕಾಫಿ ಬೀಜವೂ ನಾಯಿಗೆ ಆಗದು. ತೋಟದಲ್ಲಿ ಬಸವನಹುಳುವಿಗೆಂದು ಇಡುವ ಮೆಟಾಲ್ಡಿಹೈಡ್ ಉಂಡೆಗಳು ಇನ್ನೂ ಅಪಾಯ. ಅದರ ವಾಸನೆಗೆ ನಾಯಿ ತಾನಾಗಿಯೇ ಹೋಗಿ ತಿನ್ನುತ್ತದೆ, ನಡುಗುತ್ತ ಬಿದ್ದು ಒದ್ದಾಡುತ್ತದೆ. ಉಂಡೆ ಇಟ್ಟ ದಿನಗಳಲ್ಲಿ ಕಟ್ಟಿಹಾಕುವುದೇ ಉಪಾಯ. ಇಲಿಪಾಷಾಣಕ್ಕೂ ಇದೇ ಮಾತು.

ಕಣದ ವಿಚಾರ ಪ್ರತ್ಯೇಕವಾಗಿ ಹೇಳಬೇಕು. ಒಣಗಲು ಹರಡಿದ ಪಾರ್ಚ್‌ಮೆಂಟಿನ ಮೇಲಾಗಲಿ ಚಾಲಿಯ ಮೇಲಾಗಲಿ ನಾಯಿ ಓಡಾಡಬಾರದು, ಮಲಗಬಾರದು. ಬಿಸಿಲಿಗೆ ಕಾದ ಕಣ ಅವಕ್ಕೆ ಬಹಳ ಇಷ್ಟ, ಗಲೀಜು ಮಾಡುವುದೂ ಅಲ್ಲಿಯೇ. ತಿನ್ನುವ ಕುಡಿಯುವ ಪದಾರ್ಥ ನಮ್ಮದು. ಕಣಕ್ಕೆ ಬಲೆ ಅಥವಾ ಬೇಲಿ ಹಾಕುವುದು, ನಾಯಿಗೆ ಬೇರೆ ಗೋಣಿ ಹಾಸಿ ಅಭ್ಯಾಸ ಮಾಡಿಸುವುದು, ಇಷ್ಟು ಸಾಕು. ಕಾಡಿನ ಅಂಚಿನಲ್ಲಿ ತಿರುಗಿ ಬಂದ ನಾಯಿಯ ಮೈಯಲ್ಲಿ ಉಣ್ಣೆ ಇರುತ್ತದೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಕಾಡಿನ ಉಣ್ಣೆಯಿಂದ ಹರಡುವುದು ಎಲ್ಲರಿಗೂ ತಿಳಿದದ್ದೇ. ಆ ಸೀಮೆಯವರು ಬೇಸಿಗೆಯಲ್ಲಿ ನಾಯಿಯನ್ನು ಕಾಡಿಗೆ ಬಿಡದಿರುವುದು, ಉಣ್ಣೆಯನ್ನು ಬರಿಗೈಯಲ್ಲಿ ಕೀಳದಿರುವುದು ಕ್ಷೇಮ. ರಾತ್ರಿ ಕೆಂಚನನ್ನು ಗೋದಾಮಿನ ಒಳಜಗಲಿಯಲ್ಲಿ ಮಲಗಿಸುತ್ತೇವೆ. ಚಿರತೆಗೆ ನಾಯಿಗಿಂತ ಸುಲಭದ ಊಟ ಬೇರೊಂದಿಲ್ಲ.

ಎಲ್ಲರಿಗೂ ನಾಯಿ ಹಿಡಿಸಬೇಕೆಂದಿಲ್ಲ. ಮಡಿಯಲ್ಲಿ ಬರುವವರಿದ್ದಾರೆ, ನಮಾಜಿಗೆ ಹೋಗುವ ಮೊದಲು ನಾಯಿ ಸೋಕಬಾರದೆನ್ನುವವರಿದ್ದಾರೆ, ಚಿಕ್ಕಂದಿನಲ್ಲಿ ಕಚ್ಚಿಸಿಕೊಂಡು ಇಂದಿಗೂ ಬೆವರುವವರಿದ್ದಾರೆ. ಅವರ ಭಯವನ್ನು ನೋಡಿ, ಏನೂ ಮಾಡೋಲ್ಲ ಬನ್ನಿ ಎಂದು ನಗುವುದು ಅನಾಗರಿಕ. ಅದಕ್ಕಾಗಿ ವ್ಯವಹಾರದ ವೇಳೆ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ಕೆಂಚನನ್ನು ಹಲಸಿನ ಮರದ ಕೆಳಗೆ ಉದ್ದ ಹಗ್ಗದಲ್ಲಿ ಕಟ್ಟಲಾಗುತ್ತದೆ. ನೋಡಬೇಕೆನಿಸಿದವರು ಅಲ್ಲಿಗೆ ಹೋಗುತ್ತಾರೆ. ಬೇಡದವರು ಕಿಟಕಿಗೆ ಬರುತ್ತಾರೆ. ಧಾರಣೆ ಕುಸಿದ ದಿನ ಮರದ ಕೆಳಗೆ ಜನ ಹೆಚ್ಚು ಎಂಬುದು ನಮ್ಮ ಕಾವಲುಗಾರನ ಅನುಭವ.

ಕೆಂಚನ ಬಲಗಣ್ಣಿನಲ್ಲಿ ಈ ವರ್ಷ ಪೊರೆ ಕಾಣಿಸಿಕೊಂಡಿದೆ. ಲಾರಿಯ ಸದ್ದಿಗೆ ಮೊದಲಿನಂತೆ ಏಳುವುದಿಲ್ಲ. ಆದ್ದರಿಂದ ಕಳೆದ ತಿಂಗಳ ಸಭೆಯಲ್ಲಿ ಆಡಳಿತ ಮಂಡಳಿಯವರು ಮತ್ತೊಂದು ನಿರ್ಣಯ ಮಾಡಿದ್ದಾರೆ. ಮುಂದಿನ ಕೊಯ್ಲಿನ ಗಲಾಟೆ ಆರಂಭವಾಗುವ ಮೊದಲೇ ಅವನನ್ನು ಡಿಪೋದ ಕೆಲಸದಿಂದ ಬಿಡುಗಡೆ ಮಾಡಿ ತೂಕದ ಗುಮಾಸ್ತರ ಮನೆಗೆ ಕಳಿಸುವುದು. ಅಕ್ಕಿ ಮತ್ತು ಔಷಧಿಯ ಖರ್ಚು ಅವನು ಬದುಕಿರುವವರೆಗೆ ಸಂಘದ್ದು. ಗುಮಾಸ್ತರ ಮನೆಯವರು ಒಪ್ಪಿ ಸಹಿ ಹಾಕಿದ್ದಾರೆ. ಹೊಸ ಮರಿ ತರಬೇಕೇ ಬೇಡವೇ ಎಂಬುದನ್ನು ಹಮಾಲರನ್ನೂ ಕೇಳಿಯೇ ತೀರ್ಮಾನಿಸಲಾಗುವುದು. ಕಚ್ಚಿಸಿಕೊಂಡವರ ಮಾತನ್ನು ಮೊದಲು ಕೇಳಲಾಗುವುದು.

ಪ್ರಶ್ನೆ ಎತ್ತಿದ ಹಿರಿಯ ಸದಸ್ಯರಿಗೆ ನಮ್ಮ ವಂದನೆಗಳು. ಮುಂದಿನ ವರ್ಷದ ಜಮಾಖರ್ಚಿನಲ್ಲಿ ಈ ಬಾಬ್ತು ಇತರೆ ಖರ್ಚಿನ ಒಳಗೆ ಅಡಗಿರುವುದಿಲ್ಲ. ಕಾವಲುಗಾರನ ಸಂಬಳದ ಕೆಳಗೆ ಬೇರೆ ಸಾಲಿನಲ್ಲಿ, ಅಕ್ಕಿಗೆ ಎಷ್ಟು, ಸೂಜಿಗೆ ಎಷ್ಟು ಎಂಬ ವಿವರದೊಂದಿಗೆ ಅಚ್ಚಾಗುತ್ತದೆ.